ನೀರು ಕುಡಿದಿದ್ದೆನಲ್ಲ ಡಾಕ್ಟ್ರೇ!

ತುಮಕೂರಿನ ಅಮಾನಿಕೆರೆ ಸುತ್ತಲೋ ದೇವರಾಯನದುರ್ಗದ ಏರಿನಲ್ಲೋ ಓಡುತ್ತಾ ತಲೆಸುತ್ತಿ ಬಿದ್ದವರು ಎದ್ದು ಕೂತ ಕೂಡಲೇ ಹೇಳುವುದು ಇದೇ ಮಾತು. ಕುಡಿದಿರುತ್ತೀರಿ, ನಂಬುತ್ತೇನೆ. ಮೈ ಕಾದದ್ದು ನಿಮ್ಮ ವೇಗದಿಂದ; ಅದಕ್ಕೆ ನೀರಿನ ಬಾಟಲಿ ಏನು ಮಾಡೀತು?

ಲೆಕ್ಕ ನೋಡಿ. ಓಡುವಾಗ ಪ್ರತಿ ಕಿಲೋಮೀಟರಿಗೆ, ಮೈತೂಕದ ಕೆಜಿಗೊಂದರಂತೆ ಕಿಲೋಕ್ಯಾಲರಿ ಖರ್ಚಾಗುತ್ತದೆ. 60 ಕೆಜಿಯವರು ಗಂಟೆಗೆ 10 ಕಿ.ಮೀ. ಓಡಿದರೆ 600. ಅದರಲ್ಲಿ ಮುಕ್ಕಾಲು ಪಾಲು, ಅಂದರೆ 450ರಷ್ಟು, ಬರೀ ಶಾಖ. ವೇಗ 12ಕ್ಕೆ ಏರಿಸಿದರೆ ಶಾಖ 540. ಇದನ್ನು ಹೊರಹಾಕಲು ಬಿಸಿಲಲ್ಲಿ ಇರುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಒಯ್ಯುತ್ತದೆ. ಆವಿಯಾದರೆ, ಗಮನಿಸಿ. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ನೀರು ನಷ್ಟವಾಯಿತು, ಮೈ ತಂಪಾಗಲಿಲ್ಲ. ಮೇ ತಿಂಗಳಲ್ಲಿ ರಾತ್ರಿ ಮಳೆ ಸುರಿದ ಮರುದಿನ ಮುಂಜಾನೆ ತಂಪೆನಿಸಿದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಸುಲಭಕ್ಕೆ ಆರುವುದಿಲ್ಲ. ಆ ದಿನ ಜನವರಿಯ ವೇಗ ಹಿಡಿಯಹೋದವರೇ ಹೆಚ್ಚಾಗಿ ಬೀಳುವುದು.

ಹಾಗಾಗಿ ಬೇಸಿಗೆಯಲ್ಲಿ ಗಡಿಯಾರ ಮನೆಯಲ್ಲಿರಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ ಸಾಕು. ಮೈ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು, ಅದೂ ದಿನಾ ಸ್ವಲ್ಪ ಸ್ವಲ್ಪ ಓಡಿದರೆ. ಜ್ವರ, ಭೇದಿ, ನಿದ್ದೆಗೆಟ್ಟ ರಾತ್ರಿ ಇದ್ದರೆ ಓಟ ಬೇಡ. ಬಿ.ಪಿ. ಮಾತ್ರೆ ನುಂಗುವವರು ತಮ್ಮ ವೈದ್ಯರನ್ನು ಕೇಳಿ.

ನೀರು ಬೇಡವೆಂದು ನಾನು ಹೇಳಿದೆ ಎಂದು ಊರೆಲ್ಲ ಹಬ್ಬಿಸಬೇಡಿ. ಓಟಕ್ಕೆ ಮುಂಚೆ ಮತ್ತು ನಂತರ, ಬೆವರು ಒರೆಸಿಕೊಂಡು ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಸುಮಾರು ಒಂದು ಲೀಟರ್ ಕೊರತೆ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ. ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರಬಹುದು. ತೆಂಗಿನ ಸೀಮೆಯವರಿಗೆ ಬೇಸರವಾದೀತು, ಆದರೂ ಹೇಳಲೇಬೇಕು: ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಎರಡು ಗಂಟೆ ಓಡುವವರಿಗೆ ಉಪ್ಪು ಹಾಕಿದ ನೀರುಮಜ್ಜಿಗೆಯೋ ಓಆರ್‌ಎಸ್ಸೋ ಮೇಲು.

ಜೊತೆಯವರು ತೊದಲಿದರೆ, ತೂರಾಡಿದರೆ, ಸುಮ್ಮನೆ ರೇಗಿದರೆ ಶಾಖಾಘಾತವೆಂದೇ ತಿಳಿಯಿರಿ. ಮೈ ಒಣಗಿರಲೇಬೇಕೆಂದಿಲ್ಲ, ಓಟಗಾರರಲ್ಲಿ ಬೆವರು ಸುರಿಯುತ್ತಲೇ ಇರಬಹುದು. ನಮ್ಮಲ್ಲಿ ಮೊದಲ ಕೆಲಸ ಆಟೋಗೆ ತುಂಬುವುದು, ಎರಡನೆಯದು ಮೂಗಿಗೆ ಈರುಳ್ಳಿ ಹಿಡಿಯುವುದು. ಎರಡೂ ಬೇಡ. ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ಅಲ್ಲೇ ತಂಪು ಮಾಡಿ: ನೆರಳಿಗೆ ಎಳೆದು, ಶೂ, ಬಟ್ಟೆ ತೆಗೆದು, ತಣ್ಣೀರಿನ ತೊಟ್ಟಿಯಿದ್ದರೆ ತಲೆ ಮೇಲಿರುವಂತೆ ಹಿಡಿದು ಕುತ್ತಿಗೆವರೆಗೆ ಮುಳುಗಿಸಿ. ಇಲ್ಲದಿದ್ದರೆ ಬಕೆಟ್ ಬಕೆಟ್ ತಣ್ಣೀರು ಸುರಿಯುತ್ತಾ ಬೀಸಿ, ಒದ್ದೆ ಟವೆಲ್ ಬದಲಿಸುತ್ತಿರಿ. ಮೊದಲ ಅರ್ಧ ಗಂಟೆಯಲ್ಲಿ ಮೈಬಿಸಿ ಇಳಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಮೂತ್ರಪಿಂಡ, ಯಕೃತ್ತಿಗೆ ಬಿದ್ದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಬಹುದು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬೆಳಗಾಗಲಿ ಎಂದು ಕಾಯಬೇಡಿ.