ಮೂರೂ ಹೊತ್ತು ಜೋಳದ ರೊಟ್ಟಿ, ಆದರೂ ಶುಗರ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನನಗ 52 ವರ್ಷ. ಶುಗರ್ ಬಂದು ಮೂರು ವರ್ಷ ಆತು. ಅನ್ನ ಬಿಟ್ಟೀನಿ, ಸಿಹಿ ಮುಟ್ಟಂಗಿಲ್ಲ, ಮೂರೂ ಹೊತ್ತು ಬಿಳಿಜೋಳದ ರೊಟ್ಟಿನೇ ಉಣ್ತೀನಿ. ಗುಳಿಗಿ ಒಮ್ಮೊಮ್ಮೆ ತಪ್ತದ. ಮುಂಜಾನಿ ಖಾಲಿ ಹೊಟ್ಟಿದು 170, 180 ಬರ್ತದ. ರೊಟ್ಟಿ ಉಂಡ್ರ ಶುಗರ್ ಏರಲ್ಲ ಅಂತಾರಲ್ಲ, ಮತ್ತ ನಂದ್ಯಾಕ ಇಳಿವಲ್ದು?
(ಆಳಂದ ತಾಲೂಕಿನ ಓದುಗರು)

ಉತ್ತರ: ಅನ್ನದಿಂದ ರೊಟ್ಟಿಗೆ ಬಂದದ್ದು ಒಳ್ಳೆಯದಾಯಿತು, ಅದನ್ನು ಬಿಡಬೇಡಿ. ಆದರೆ ‘ರೊಟ್ಟಿ ಉಂಡರೆ ಶುಗರ್ ಏರಲ್ಲ’ ಎಂಬ ಮಾತು ನಿಜವಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ನಂಬಿಕೆ ಎಷ್ಟು ಗಟ್ಟಿಯಾಗಿದೆ ಎಂದರೆ, ರೊಟ್ಟಿಯನ್ನೇ ಔಷಧಿ ಎಂದುಕೊಂಡು ಎಷ್ಟು ತಿಂದೆವು ಅನ್ನುವುದನ್ನೇ ಮರೆಯುತ್ತೇವೆ.

ನೂರು ಗ್ರಾಂ ಜೋಳದಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ (ಹೊಟ್ಟೆಯಲ್ಲಿ ಸಕ್ಕರೆಯಾಗುವ ಅಂಶ) ಇದೆ. ಪಾಲಿಶ್ ಅಕ್ಕಿಯಲ್ಲಿ ಸುಮಾರು 78. ಅಂತರ ಬಹಳವೇನಿಲ್ಲ. ಜೋಳದ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ: ನೂರು ಗ್ರಾಂಗೆ 10 ಗ್ರಾಂ ಹತ್ತಿರ, ಪಾಲಿಶ್ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಈ ನಾರಿನಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಆದರೆ ಸೇರಿಯೇ ಸೇರುತ್ತದೆ. ನಿಮ್ಮ ಮನೆಯ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿಯಿರಿ, ಹೊತ್ತಿಗೆ ಮೂರು ರೊಟ್ಟಿ ಹಿಡಿಯಿರಿ. ಒಂದೇ ಊಟಕ್ಕೆ 120 ಗ್ರಾಂಗಿಂತ ಹೆಚ್ಚು ಕಾರ್ಬೋಹೈಡ್ರೇಟ್ ಹೊಟ್ಟೆ ಸೇರಿತು. ಹಿಂದಿನವರು ಇದಕ್ಕಿಂತ ಹೆಚ್ಚು ಉಣ್ಣುತ್ತಿದ್ದರು, ನಿಜ. ಅವರು ಉಂಡ ಮೇಲೆ ಹೊಲಕ್ಕೆ ಹೋಗಿ ಸಂಜೆತನಕ ದುಡಿಯುತ್ತಿದ್ದರು. ದುಡಿಯುವ ಸ್ನಾಯು ಇನ್ಸುಲಿನ್ ಸಾಲದಿದ್ದರೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅಂಗಡಿಯಲ್ಲೋ ಆಫೀಸಿನಲ್ಲೋ ಕೂತವರಿಗೆ ಆ ಅನುಕೂಲ ಇಲ್ಲ.

ಇನ್ನು ನೀವು ಕೇಳಿದ್ದು ಮುಂಜಾನೆಯ ಅಂಕಿ. ರಾತ್ರಿ ನಾವು ಮಲಗಿದ್ದಾಗಲೂ ಮಿದುಳಿಗೆ ಸಕ್ಕರೆ ಬೇಕು, ಅದನ್ನು ಒದಗಿಸುವುದು ಯಕೃತ್ತು. ಇನ್ಸುಲಿನ್ ‘ಇನ್ನು ಸಾಕು’ ಎಂದರೆ ಅದು ನಿಲ್ಲಿಸಬೇಕು. ನಡುವಯಸ್ಸಿನಲ್ಲಿ ಬರುವ ಟೈಪ್ 2 ಮಧುಮೇಹದಲ್ಲಿ ಯಕೃತ್ತು ಆ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಸಾಲದ್ದಕ್ಕೆ ನಸುಕಿನಲ್ಲಿ ಏರುವ ಕೆಲವು ಹಾರ್ಮೋನುಗಳು ಸಕ್ಕರೆಯನ್ನು ಇನ್ನಷ್ಟು ಹೊರಬಿಡಿಸುತ್ತವೆ. ಹೀಗಾಗಿ ರಾತ್ರಿ ಉಪವಾಸ ಮಲಗಿದರೂ ಮುಂಜಾನೆ ಅಂಕಿ ಏರಿರಬಹುದು. ಶುಗರ್‌ಗೆ ಮೊದಲು ಕೊಡುವ ಮೆಟ್‌ಫಾರ್ಮಿನ್ ಗುಳಿಗೆ ಮುಖ್ಯವಾಗಿ ಈ ಯಕೃತ್ತಿನ ಮೇಲೇ ಕೆಲಸ ಮಾಡುತ್ತದೆ. ‘ಗುಳಿಗಿ ಒಮ್ಮೊಮ್ಮೆ ತಪ್ತದ’ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದ ಮುಖ್ಯ ಸಾಲು ಅದೇ. ಯಾವ ರೊಟ್ಟಿಯೂ ಆ ಗುಳಿಗೆಯ ಕೆಲಸ ಮಾಡಲಾರದು.

ಒಂದು ಪರೀಕ್ಷೆ ಮಾಡಿ ನೋಡಿ. ಒಂದು ವಾರ ರಾತ್ರಿ ಊಟವಾದ ಎರಡು ತಾಸಿನ ನಂತರ ಒಮ್ಮೆ, ಮರುದಿನ ಖಾಲಿ ಹೊಟ್ಟೆಯಲ್ಲೊಮ್ಮೆ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ. ರಾತ್ರಿಯದೇ 180 ದಾಟಿದ್ದರೆ ಮೊದಲು ತಟ್ಟೆಯನ್ನು ನೋಡಬೇಕು. ರಾತ್ರಿ ಸರಿಯಿದ್ದು ಮುಂಜಾನೆ ಮಾತ್ರ ಏರಿದ್ದರೆ ಔಷಧಿಯ ಪ್ರಮಾಣ ಅಥವಾ ವೇಳೆ ಬದಲಿಸಬೇಕಾಗಬಹುದು, ಅದನ್ನು ಡಾಕ್ಟರರೇ ಮಾಡಬೇಕು. ಬಹಳಷ್ಟು ಜನರಿಗೆ ಖಾಲಿ ಹೊಟ್ಟೆಯ ಗುರಿ 80ರಿಂದ 130. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಅದು ಶೇಕಡಾ 7ರ ಒಳಗಿರಲಿ. ತೀರಾ ವಯಸ್ಸಾದವರಿಗೆ ಗುರಿ ಸ್ವಲ್ಪ ಸಡಿಲ.

ತಟ್ಟೆಯ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಅಡುಗೆಯೇ ಸಾಕು. ಎಳ್ಳಮಾವಾಸ್ಯೆಗೆ ಮಾಡುವ ಭಜ್ಜಿ ನೆನಪಿಸಿಕೊಳ್ಳಿ: ಸೊಪ್ಪು, ತರಕಾರಿ, ಹಸಿಕಾಳು ಎಲ್ಲ ಒಂದೇ ಗಡಿಗೆಯಲ್ಲಿ. ಶುಗರ್ ಇದ್ದವರಿಗೆ ಇಂಥದ್ದು ವಾರವಾರ ಬೇಕು (ಜೊತೆಗಿನ ಸಜ್ಜೆ ಕಡುಬನ್ನು ಮಾತ್ರ ಎಣಿಸಿ ತಿನ್ನಿ). ಅರ್ಧ ತಟ್ಟೆ ಪುಂಡಿಪಲ್ಯ, ಮೆಂತ್ಯೆ, ಬದನೆಕಾಯಿ, ಸೌತೆಕಾಯಿ. ಕಾಲು ಭಾಗ ಗಟ್ಟಿ ತೊಗರಿಬೇಳೆ ಅಥವಾ ಹೆಸರುಕಾಳು. ಉಳಿದ ಕಾಲು ಭಾಗಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ರೊಟ್ಟಿ. 2019ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಪಡೆದ ತೊಗರಿ ನಮ್ಮ ಕಲಬುರಗಿ ಜಿಲ್ಲೆಯದು, ಅದನ್ನು ತಿಳಿಸಾರು ಮಾಡಿ ಮುಗಿಸಬೇಡಿ. ಮೊದಲು ಪಲ್ಯ, ಕಾಳು ಉಂಡು ಆಮೇಲೆ ರೊಟ್ಟಿಗೆ ಕೈ ಹಾಕಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಕಿಡ್ನಿ ತೊಂದರೆ ಇದ್ದವರು ಬೇಳೆಕಾಳಿನ ಪ್ರಮಾಣವನ್ನು ಡಾಕ್ಟರರನ್ನು ಕೇಳಿಯೇ ನಿರ್ಧರಿಸಿ.

ಲೆಕ್ಕಕ್ಕೆ ಸಿಗದೆ ಹೋಗುವ ತಿನಿಸುಗಳೂ ಇವೆ. ಚುರುಮುರಿ ಸುಸಲಾ ಹಗುರ ಅನ್ನಿಸುತ್ತದೆ, ಆದರೆ ಅದು ಅಕ್ಕಿಯೇ, ಸಕ್ಕರೆಯನ್ನು ಬೇಗ ಏರಿಸುತ್ತದೆ. ಟಿವಿ ಮುಂದೆ ಮುರಿಯುತ್ತ ಕೂತ ಕಟಕ್ ರೊಟ್ಟಿ ಎಷ್ಟಾಯಿತೆಂದು ತಿಳಿಯುವುದಿಲ್ಲ. ಬೆಲ್ಲದ ಚಹಾಕ್ಕೂ ಸಕ್ಕರೆ ಚಹಾಕ್ಕೂ ರಕ್ತದ ಮಟ್ಟಿಗೆ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು.

ಉಂಡ ಮೇಲೆ ಹದಿನೈದು ನಿಮಿಷ ನಡೆಯಿರಿ. ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಹೊರಗೆ ಹೋಗುವುದು ಬೇಡ, ಪಡಸಾಲೆಯಲ್ಲೇ ತಿರುಗಾಡಿ. ಬರಿಗಾಲಲ್ಲಿ ಮಾತ್ರ ಬೇಡ. ಶುಗರ್‌ನಿಂದ ಪಾದದ ಸ್ಪರ್ಶ ಕುಗ್ಗಿದ್ದರೆ ಕಾದ ಫರಸಿ ಕಲ್ಲು ಸುಟ್ಟದ್ದೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೂ ಸಕ್ಕರೆಯ ಅಂಕಿ ಏರುತ್ತದೆ.

ಒಂದು ಎಚ್ಚರಿಕೆ. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನಾಳೆಯಿಂದಲೇ ರೊಟ್ಟಿಯನ್ನು ಅರ್ಧಕ್ಕಿಳಿಸಬೇಡಿ, ಸಕ್ಕರೆ ತೀರಾ ಕೆಳಗಿಳಿಯಬಹುದು. ಮೊದಲು ಡಾಕ್ಟರರಿಗೆ ಹೇಳಿ. ಶ್ರಾವಣ ಸೋಮವಾರದ ಉಪವಾಸಕ್ಕೂ ರಂಜಾನ್ ರೋಜಾಕ್ಕೂ ಇದೇ ಮಾತು. ಕೈ ನಡುಕ, ಬೆವರು, ಕಣ್ಣು ಮಂಜಾಗುವುದು, ಅಂಕಿ 70ಕ್ಕಿಂತ ಕೆಳಗೆ ಬಂದದ್ದು ಕಂಡರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಅಷ್ಟಕ್ಕೂ ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಿ.

ಗುಳಿಗೆ ತಪ್ಪುವುದು ದುಡ್ಡಿನ ಕಾರಣಕ್ಕಾದರೆ ಸಂಕೋಚ ಬೇಡ. ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಪರೀಕ್ಷೆಯೂ ಮೆಟ್‌ಫಾರ್ಮಿನ್ ಗುಳಿಗೆಯೂ ಉಚಿತ. ಹೋಗುವಾಗ ಒಂದು ವಾರದ ಆ ಅಂಕಿಗಳನ್ನೂ ತಪ್ಪಿದ ಗುಳಿಗೆಗಳ ಲೆಕ್ಕವನ್ನೂ ಬರೆದು ಒಯ್ಯಿರಿ. ಅಂಕಿ 300 ದಾಟಿ ವಾಂತಿ, ವಿಪರೀತ ದಾಹ, ಮಂಪರು ಕಾಣಿಸಿದರೆ ಮಾತ್ರ ಒಂದು ವಾರವಲ್ಲ, ಒಂದು ತಾಸೂ ಕಾಯಬೇಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ.