ಪುಟ್ಟ ಗೌನ್‌ಗೆ ಬಟ್ಟೆಗಿಂತ ಈರುಳ್ಳಿ ಸಿಪ್ಪೆ ವಾಸಿ

ಅಂಗೈ ಮೇಲೆ ನಿಲ್ಲುವಷ್ಟು ಚಿಕ್ಕ ಗೌನ್ ಮಾಡಬೇಕು ಅಂತ ಹೊರಟವರು ಮೊದಲು ಕೈ ಹಾಕುವುದು ಬಟ್ಟೆ ತುಂಡುಗಳ ಚೀಲಕ್ಕೆ. ಇದ್ದುದರಲ್ಲಿ ನಯವಾದ ರೇಷ್ಮೆಯನ್ನೋ ತೆಳು ಹತ್ತಿಯನ್ನೋ ಆರಿಸುತ್ತಾರೆ. ಶ್ರದ್ಧೆಯಿಂದ ಕತ್ತರಿಸಿ ಹೊಲಿಯುತ್ತಾರೆ. ಮುಗಿದ ಮೇಲೆ ನೋಡಿದರೆ ಸ್ಕರ್ಟ್ ಕೆಳಗೆ ಬೀಳುವುದೇ ಇಲ್ಲ, ಸೊಂಟದಿಂದಲೇ ಸೆಟೆದು ನಿಂತಿರುತ್ತದೆ. ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಹೆಚ್ಚಿನವರು ಆಗ ತಮ್ಮ ಹೊಲಿಗೆಯನ್ನು ಬೈದುಕೊಳ್ಳುತ್ತಾರೆ. ಹೊಲಿಗೆ ಚೆನ್ನಾಗಿಯೇ ಇರುತ್ತದೆ. ಅಡ್ಡ ಬರುವುದು ಬಟ್ಟೆಯ ದಪ್ಪ.

ಇದರ ಹಿಂದೆ ಒಂದು ಲೆಕ್ಕ ಇದೆ. ಬಟ್ಟೆ ಹೇಗೆ ಬಾಗಿ ಬೀಳುತ್ತದೆ ಅನ್ನುವುದು ಅದರ ಬಿಗಿತ ಮತ್ತು ತೂಕದ ನಡುವಿನ ಎಳೆದಾಟ. ಒಂದೇ ವಸ್ತುವಿನ ಹಾಳೆಯ ದಪ್ಪವನ್ನು ಅರ್ಧ ಮಾಡಿದರೆ ತೂಕ ಅರ್ಧವಾಗುತ್ತದೆ, ಬಿಗಿತ ಮಾತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಗೊಂಬೆಮನೆಗಳಲ್ಲಿ ಬಳಸುವ ಸಾಮಾನ್ಯ ಸ್ಕೇಲ್ 1:12, ಅಂದರೆ ಒಂದು ಅಡಿಯದ್ದು ಒಂದು ಇಂಚಿಗೆ ಇಳಿಯುತ್ತದೆ. ಆ ಅಳತೆಯಲ್ಲಿ ನೆರಿಗೆ ದೊಡ್ಡ ಸ್ಕರ್ಟ್‌ನಂತೆಯೇ ತಾನಾಗಿ ಬೀಳಬೇಕಾದರೆ ಬಟ್ಟೆ 12 ಪಟ್ಟು ತೆಳುವಾದರೆ ಸಾಲದು, ಸುಮಾರು 40 ಪಟ್ಟು ತೆಳುವಾಗಬೇಕು. ಕಾಲು ಮಿಲಿಮೀಟರ್ ದಪ್ಪದ ಹತ್ತಿ ಬಟ್ಟೆ 0.006 ಮಿ.ಮೀ.ಗೆ ಇಳಿಯಬೇಕು. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಕೂಡ ಇದಕ್ಕಿಂತ ದಪ್ಪ. ಅಂಥ ಬಟ್ಟೆಯನ್ನು ಯಾರು ನೇಯುತ್ತಾರೆ?

ಸ್ಕೇಲ್ ದೊಡ್ಡದಾದಷ್ಟೂ ಈ ಕಷ್ಟ ಕಡಿಮೆ. 1945ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ವಸ್ತ್ರ ವಿನ್ಯಾಸಕರು 'ತೆಆತ್ರ್ ದ ಲಾ ಮೋದ್' ಎಂಬ ಪ್ರದರ್ಶನ ಮಾಡಿದ್ದರು. ಯುದ್ಧದಿಂದಾಗಿ ಬಟ್ಟೆಗೆ ತೀರಾ ಅಭಾವ. ಹಾಗಾಗಿ ತಮ್ಮ ಹೊಸ ಉಡುಪುಗಳನ್ನು ಸುಮಾರು 70 ಸೆಂ.ಮೀ. ಎತ್ತರದ ತಂತಿ ಗೊಂಬೆಗಳಿಗೆ ಹೊಲಿದು ತೋರಿಸಿದರು. ಅವುಗಳಲ್ಲಿ ಉಳಿದಿರುವವು ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ಮ್ಯೂಸಿಯಂನಲ್ಲಿವೆ. ಆ ಗೊಂಬೆಗಳು ಮನುಷ್ಯರ ಎತ್ತರದ ಸುಮಾರು ಐದನೇ ಎರಡು ಭಾಗದಷ್ಟು ದೊಡ್ಡವು. ಆ ಅಳತೆಗೆ ಬಟ್ಟೆ ನಾಲ್ಕು ಪಟ್ಟು ತೆಳುವಾದರೆ ಸಾಕು, ಒಳ್ಳೆಯ ರೇಷ್ಮೆಯಿಂದ ಅದು ಹೆಚ್ಚುಕಡಿಮೆ ಆಗುತ್ತದೆ. ಅದಕ್ಕಿಂತ ಚಿಕ್ಕದಕ್ಕೆ ಇಳಿದರೆ ಬಟ್ಟೆಯ ಆಸೆ ಬಿಡುವುದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಫ್ಯಾಂಟಸಿ ಉಡುಪಿನಲ್ಲಂತೂ ಬಿಟ್ಟರೆ ನಷ್ಟವೇನೂ ಇಲ್ಲ. ಕಾಡಿನ ರಾಣಿ, ಹಿಮದ ಮಾಟಗಾತಿ, ದೀಪದ ಹುಳುವಿನ ಮಗಳು ಇವರೆಲ್ಲ ಹತ್ತಿ ಸೀರೆ ಉಡಬೇಕು ಅಂತ ಎಲ್ಲೂ ಬರೆದಿಲ್ಲ, ಅಲ್ವಾ?

ಬಟ್ಟೆ ಬಿಟ್ಟ ಮೇಲೆ ಎರಡು ದಾರಿ ಉಳಿಯುತ್ತದೆ. ಬಟ್ಟೆಗಿಂತ ಎಷ್ಟೋ ತೆಳುವಾದದ್ದನ್ನು ಹುಡುಕುವುದು ಒಂದು. ಬಿಗಿಯಾದ ವಸ್ತುವನ್ನೇ ತೆಗೆದುಕೊಂಡು, ಅದು ತಾನಾಗಿ ಬೀಳಲಿ ಅಂತ ಕಾಯದೆ, ಬೇಕಾದ ಆಕಾರವನ್ನು ನಾವೇ ಕೊಟ್ಟು ಒಣಗಿಸುವುದು ಇನ್ನೊಂದು. ನಾನು ಮಾಡುವ ಉಡುಪುಗಳಲ್ಲಿ ಮುಕ್ಕಾಲು ಪಾಲು ಎರಡನೇ ದಾರಿಯವು. ಚಿಕ್ಕ ಅಳತೆಯಲ್ಲಿ ನೆರಿಗೆ ಬೀಳುವುದಿಲ್ಲ, ಅದನ್ನು ಕೂರಿಸಬೇಕು.

ಯಾವ ವಸ್ತು ಯಾವ ದಾರಿಗೆ ಸರಿ ಅಂತ ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಂದು ಸೆಂ.ಮೀ. ಅಗಲ, ಐದಾರು ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ. ಮೇಜಿನ ಅಂಚಿನಲ್ಲಿಟ್ಟು ನಿಧಾನಕ್ಕೆ ಹೊರಗೆ ತಳ್ಳುತ್ತಾ ಹೋಗಿ. ಎಷ್ಟು ಉದ್ದ ಹೊರಬಂದ ಮೇಲೆ ಅದು ತಲೆ ಬಾಗುತ್ತದೆ ನೋಡಿ. ಜವಳಿ ಸಂಶೋಧಕ ಪಿಯರ್ಸ್ 1930ರಲ್ಲಿ ಬಟ್ಟೆಯ ಬಿಗಿತ ಅಳೆಯಲು ರೂಪಿಸಿದ ವಿಧಾನವೂ ಮೂಲದಲ್ಲಿ ಇದೇ. ಒಂದೂವರೆ ಸೆಂ.ಮೀ. ಒಳಗೇ ಬಾಗಿದರೆ ಅದು ಪುಟ್ಟ ಸ್ಕರ್ಟ್‌ಗೆ ತಾನಾಗಿ ಒಗ್ಗುತ್ತದೆ. ಕೊನೆವರೆಗೂ ನೆಟ್ಟಗೇ ನಿಂತರೆ ಬಾಡೀಸ್ (ಗೌನ್‌ನ ಸೊಂಟದಿಂದ ಮೇಲಿನ ಭಾಗ), ಕಾಲರ್, ರೆಕ್ಕೆಗೆ ಎತ್ತಿಡಿ. ನಡುವಿನದ್ದನ್ನು ಒದ್ದೆ ಮಾಡಿ ಮತ್ತೊಮ್ಮೆ ನೋಡಿ. ಒದ್ದೆಯಾದಾಗ ಮೆತ್ತಗಾಗಿ, ಒಣಗಿದಾಗ ಕೊಟ್ಟ ಆಕಾರದಲ್ಲೇ ನಿಲ್ಲುವ ವಸ್ತು ಸಿಕ್ಕಿತೋ, ಅದು ನಮ್ಮ ಪಾಲಿನ ಚಿನ್ನ.

ಈರುಳ್ಳಿ ಸಿಪ್ಪೆ ಅಂಥದ್ದು. ಹೊರಗಿನ ಒಣ ಸಿಪ್ಪೆ ಹಾಗೇ ಮಡಿಸಿದರೆ ಪುಡಿಯಾಗುತ್ತದೆ. ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಬೆರಳಿಗೆ ಸುತ್ತುವಷ್ಟು ಬಳುಕುತ್ತದೆ. ನೀರಿಗೆ ತುಸು ಗ್ಲಿಸರಿನ್ ಸೇರಿಸಿದರೆ ಒಣಗಿದ ಮೇಲೂ ಅಷ್ಟು ಸುಲಭವಾಗಿ ಬಿರಿಯುವುದಿಲ್ಲ. ಬೆಳಕಿಗೆ ಹಿಡಿದು ನೋಡಿ: ಬುಡದಿಂದ ತುದಿಗೆ ಸಾಲಾಗಿ ನರಗಳು ಹೋಗಿರುತ್ತವೆ. ಸಿಪ್ಪೆ ಹರಿಯುವುದೂ ಆ ಸಾಲಿನಲ್ಲೇ. ಆದ್ದರಿಂದ ನರ ಯಾವಾಗಲೂ ಸೊಂಟದಿಂದ ಅಂಚಿನ ಕಡೆಗೆ ಇಳಿಯುವಂತೆ ಕತ್ತರಿಸಬೇಕು. ಆಗ ನೆರಿಗೆಯ ಗೆರೆ ಪುಕ್ಕಟೆ ಸಿಗುತ್ತದೆ. ಮುಂದೆ ಎಲ್ಲಾದರೂ ಬಿರಿದರೂ ಅದು ಇನ್ನೊಂದು ನೆರಿಗೆಯಂತೆ ಕಾಣುತ್ತದೆ. ಅಡ್ಡಡ್ಡ ಕತ್ತರಿಸಿದರೆ ಮೊದಲ ನೆರಿಗೆ ಹಿಡಿಯುವಾಗಲೇ ಸೀಳು ಬೀಳುತ್ತದೆ. ಬಣ್ಣವೂ ಒಂದೇ ಸಿಪ್ಪೆಯಲ್ಲಿ ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ. ಅಂಥ ಛಾಯೆಯನ್ನು ಬ್ರಷ್‌ನಿಂದ ಹಚ್ಚಲು ಹೋದರೆ ಅರ್ಧ ದಿನದ ಕೆಲಸ.

ಪೆನ್ಸಿಲ್ ಹೊಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇದಕ್ಕಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. ಶಾರ್ಪನರ್‌ನಿಂದ ಸುರುಳಿಯಾಗಿ ಬರುವ ಹೊಟ್ಟನ್ನು ಟ್ವೀಜರ್‌ನಿಂದ ಎತ್ತಿ ನೋಡಿ. ಒಳ ಅಂಚು ಗಿಡ್ಡ, ಹೊರ ಅಂಚು ಉದ್ದ. ಅಂದರೆ ಅದು ಆಗಲೇ ಕತ್ತರಿಸಿಟ್ಟ ಅಂಬ್ರೆಲಾ ಸ್ಕರ್ಟ್‌ನ ಒಂದು ತುಂಡು. ಆರು ಮೂಲೆಯ ಪೆನ್ಸಿಲ್ ಆದರೆ ಹೊರ ಅಂಚು ಅಲೆಅಲೆಯಾಗಿ ಬರುತ್ತದೆ, ಅದರ ಮೇಲೆ ಪೆನ್ಸಿಲ್‌ನ ಬಣ್ಣ ಸಣ್ಣ ಪೈಪಿಂಗ್‌ನಂತೆ ಓಡಿರುತ್ತದೆ. ಕೈಯಲ್ಲಿ ಎಷ್ಟು ಕಷ್ಟಪಟ್ಟರೂ ಇಷ್ಟು ಸಣ್ಣ ಅಂಚು ಕಟ್ಟಲು ಬರುವುದಿಲ್ಲ. ಮರದ ಎಳೆಯೂ ಒಳ ಅಂಚಿನಿಂದ ಹೊರ ಅಂಚಿಗೇ ಹೋಗಿರುವುದರಿಂದ, ಈರುಳ್ಳಿ ಸಿಪ್ಪೆಯಂತೆ ಇಲ್ಲೂ ಬಿರುಕು ನೆರಿಗೆಯ ದಿಕ್ಕಿನಲ್ಲೇ ಬೀಳುತ್ತದೆ. ಕೆಳಗಿನ ಸುತ್ತಿನಿಂದ ಶುರು ಮಾಡಿ ಮೇಲಕ್ಕೆ ಒಂದರ ಮೇಲೊಂದು ಅಂಟಿಸುತ್ತಾ ಬಂದರೆ ಮೂರು ನಾಲ್ಕು ಸುತ್ತಿನ ಫ್ರಿಲ್ ಗೌನ್ ರೆಡಿ. ಹಿಂಬದಿಗೆ ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿ ಗಮ್‌ನಿಂದ ಅಂಟಿಸಿಕೊಂಡರೆ ಮುಟ್ಟಿದ ಕೂಡಲೇ ಮುರಿಯುವ ಭಯವಿಲ್ಲ. ಶಾರ್ಪನರ್‌ನ ಬ್ಲೇಡ್ ಹೊಸದಾಗಿರಲಿ. ಮೊಂಡಾದರೆ ಹೊಟ್ಟು ಬರುವುದಿಲ್ಲ, ಪುಡಿ ಬರುತ್ತದೆ.

ಈ ಎರಡೂ ಉದಾಹರಣೆಗಳಲ್ಲಿ ನಾನು ತೋರಿಸಬೇಕೆಂದಿದ್ದು ಅಂಚನ್ನು. ಬಟ್ಟೆಯ ಅಂಚು ಬಿಚ್ಚಿಕೊಳ್ಳುತ್ತದೆ, ಅದನ್ನು ಮಡಿಸಿ ಹೊಲಿಯಬೇಕು. ಮಡಿಸಿದಲ್ಲಿ ದಪ್ಪ ಎರಡು ಮೂರು ಪಟ್ಟಾಗುತ್ತದೆ. 1:12 ಸ್ಕೇಲ್‌ನಲ್ಲಿ ಒಂದು ಮಿಲಿಮೀಟರ್ ದಪ್ಪದ ಅಂಚು ನಿಜದ ಉಡುಪಿನಲ್ಲಿ ಒಂದು ಸೆಂ.ಮೀ. ಮೀರಿದ ದಪ್ಪಕ್ಕೆ ಸಮ. 0.2 ಮಿ.ಮೀ. ದಪ್ಪದ ದಾರ ಅಲ್ಲಿ ಎರಡು ಮಿ.ಮೀ. ದಾಟಿದ ಹಗ್ಗ. ನೋಡುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಆದರೂ ಕಣ್ಣು ಹಿಡಿದುಬಿಡುತ್ತದೆ. ಎಲೆ, ಗರಿ, ಹೂವಿನ ಎಸಳು, ಸಿಪ್ಪೆ ಇವಕ್ಕೆಲ್ಲ ಹುಟ್ಟಿನಿಂದಲೇ ಮುಗಿದ ಅಂಚು ಇರುತ್ತದೆ. ಅದನ್ನು ಕತ್ತರಿಸಬೇಡಿ. ಆ ಅಂಚು ಎಲ್ಲಿ ಬಂದರೆ ಚೆಂದ ಅಂತ ಮೊದಲು ನೋಡಿ, ಡ್ರೆಸ್‌ನ ಉಳಿದ ಪ್ಯಾಟರ್ನ್ ಅದರ ಸುತ್ತ ಬರಲಿ. ಕಾಗದದಲ್ಲಿ ಮೊದಲೇ ಪ್ಯಾಟರ್ನ್ ಬರೆದು, ಆಮೇಲೆ ವಸ್ತುವನ್ನು ಅದಕ್ಕೆ ತಕ್ಕಂತೆ ಕತ್ತರಿಸುವ ಕ್ರಮ ಇಲ್ಲಿ ಉಲ್ಟಾ ಆಗಬೇಕು.

ಎಲೆಯ ಜಾಲರಿ ಎಲ್ಲರೂ ಇಷ್ಟಪಡುವ ವಸ್ತು. ಅರಳಿಯಂಥ ಗಟ್ಟಿ ನರದ ಎಲೆಯನ್ನು ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಸಣ್ಣ ಉರಿಯಲ್ಲಿ ಕುದಿಸಿದರೆ ಹಸಿರು ತಿರುಳು ಮೆತ್ತಗಾಗುತ್ತದೆ. ಮೆದು ಬ್ರಷ್‌ನಿಂದ ಉಜ್ಜಿ ತೆಗೆದರೆ ನರಗಳ ಬಲೆ ಮಾತ್ರ ಉಳಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಸೋಡಾ ನೀರು ಚರ್ಮಕ್ಕೆ ಒಳ್ಳೆಯದಲ್ಲ. ಈ ಬಲೆಯನ್ನು ಇಡೀ ಸ್ಕರ್ಟ್‌ಗೆ ಬಳಸುವವರೇ ಹೆಚ್ಚು, ನನಗೇನೋ ಅದು ಹಿಡಿಸುವುದಿಲ್ಲ. ನಡುವಿನ ದಪ್ಪ ನರ ನಿಜವಾದ ಅಳತೆಯನ್ನು ಬಯಲು ಮಾಡುತ್ತದೆ, ಇದು ಎಲೆ ಅಂತ ಕೂಗಿ ಹೇಳುತ್ತದೆ. ಆ ನರದ ಎರಡೂ ಪಕ್ಕದ ತೆಳು ಭಾಗ ಮಾತ್ರ ತೆಗೆದು ತೋಳಿಗೋ ಮುಸುಕಿಗೋ ಹಾಕಿದರೆ ನೂಲಿನ ಲೇಸ್ ಯಾವುದೂ ಅದರ ಹತ್ತಿರ ಬರುವುದಿಲ್ಲ.

ಬೋಗನ್‌ವಿಲ್ಲಾದ ಬಣ್ಣದ ಎಸಳುಗಳು ನಿಜಕ್ಕೂ ಎಲೆಗಳು. ಹೀರುವ ಕಾಗದದ ನಡುವೆ ಒತ್ತಿಟ್ಟರೆ ಅಷ್ಟಾಗಿ ಮುದುಡದೆ ಒಣಗುತ್ತವೆ. ಗುಲಾಬಿ ಎಸಳು ಹಾಗಲ್ಲ, ತಾಜಾ ಇರುವಾಗ ಅಂಟಿಸಿದರೆ ಒಣಗುತ್ತಾ ಕುಗ್ಗಿ ಪಕ್ಕದ್ದನ್ನೂ ಎಳೆದು ಡ್ರೆಸ್ಸನ್ನೇ ಸೊಟ್ಟ ಮಾಡುತ್ತದೆ. ಟೀ ಬ್ಯಾಗ್‌ನ ಕಾಗದ ಒದ್ದೆಯಾದರೂ ಹರಿಯದಂತೆ ಮಾಡಿದ್ದು, ಹಾಗಾಗಿ ಒದ್ದೆ ನೆರಿಗೆಗೆ ಅದಕ್ಕಿಂತ ಸುಲಭದ್ದು ಇಲ್ಲ. ಬಳಸಿದ್ದನ್ನು ತೊಳೆದು ಒಣಗಿಸಿದರೆ ಹಳೆಯ ಲಿನನ್ ಬಣ್ಣವೂ ಬಂದಿರುತ್ತದೆ. ಫಾಯಿಲ್ ಆಕಾರ ಹಿಡಿಯುತ್ತದೆ, ಆದರೆ ಒಮ್ಮೆ ಬಿದ್ದ ಸುಕ್ಕು ಪೂರ್ತಿ ಹೋಗುವುದಿಲ್ಲ. ಮೊದಲೇ ಎಲ್ಲ ಕಡೆ ಸುಕ್ಕು ಮಾಡಿ ಬಿಡಿಸಿಕೊಂಡು ಬಳಸುವುದೇ ಜಾಣತನ.

ಗರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅನೇಕ ದೇಶಗಳಲ್ಲಿ ಕಾಡು ಹಕ್ಕಿಗಳ ಗರಿ ಇಟ್ಟುಕೊಳ್ಳುವುದಕ್ಕೂ ಕಾನೂನಿನ ತಡೆ ಇದೆ, ನೆಲದಿಂದ ಹೆಕ್ಕಿದ್ದಾದರೂ ಅಷ್ಟೇ. ಸಾಕುಕೋಳಿಯ ಗರಿ ಸಾಕು. ಕುತ್ತಿಗೆಯ ಸಣ್ಣ ಗರಿಗಳು ಪುಟ್ಟ ಅಳತೆಗೆ ತುಂಬಾ ಚೆನ್ನಾಗಿ ಹೊಂದುತ್ತವೆ. ಕೆದರಿದ ಗರಿಯನ್ನು ಹಬೆಗೆ ಹಿಡಿದು ಬೆರಳಲ್ಲಿ ಸವರಿದರೆ ಎಳೆಗಳು ಮತ್ತೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ.

ಇನ್ನು ಗಮ್. ಒಳ್ಳೆಯ ಕೆಲಸ ಹಾಳಾಗುವುದು ಬಹಳ ಸಲ ಇಲ್ಲೇ. ಹಾಟ್ ಗ್ಲೂ ಬೇಡವೇ ಬೇಡ. ಅದರ ಒಂದು ಚಿಕ್ಕ ಹನಿ ಈ ಅಳತೆಯಲ್ಲಿ ಮುಷ್ಟಿಗಾತ್ರದ ಗಡ್ಡೆಯಾಗಿ ಕಾಣುತ್ತದೆ. ಸೂಪರ್ ಗ್ಲೂ ಒಣಗುವಾಗ ಅದರ ಆವಿ ಸುತ್ತಮುತ್ತ ಬಿಳಿ ಮಂಜಿನಂತೆ ಕೂರುತ್ತದೆ, ಗಾಢ ಬಣ್ಣದ ಎಸಳಿನ ಮೇಲೆ ಅದು ಎದ್ದು ಕಾಣುತ್ತದೆ. ಬಿಳಿ ಪಿವಿಎ ಗಮ್ ಸಾಕು, ಟೂತ್‌ಪಿಕ್ ತುದಿಯಲ್ಲಿ ಬಂದಷ್ಟೇ. ಅದರಲ್ಲಿ ನೀರಿರುವುದರಿಂದ ಜಾಸ್ತಿಯಾದರೆ ಸಿಪ್ಪೆ, ಕಾಗದ ಉಬ್ಬಿ ತಿರುಚುತ್ತವೆ. ಒಂದು ಸುತ್ತು ಒಣಗಿದ ಮೇಲೇ ಮುಂದಿನದ್ದು.

ಗೌನ್‌ನ ಒಳಗೂ ಏನಾದರೂ ಇರಬೇಕು. ತೆಳು ತಂತಿಯಲ್ಲಿ ಸೊಂಟ, ಎದೆ, ಸ್ಕರ್ಟ್‌ನ ಪಂಜರ ಕಟ್ಟಿ ಅದಕ್ಕೆ ಟಿಶ್ಯೂ ಸುತ್ತಿದರೆ ಆಧಾರ ಸಿಗುತ್ತದೆ. ಈ ಪಂಜರವನ್ನು ಕಟ್ಟುವಾಗಲೇ ಉಡುವವಳು ಯಾರು ಅನ್ನುವುದು ತೀರ್ಮಾನವಾಗಿರಬೇಕು. ಹಾರುವವಳಾದರೆ ಸ್ಕರ್ಟ್‌ನ ಹಿಂಭಾಗ ಎತ್ತಿರಬೇಕು, ಬೆನ್ನಿನಲ್ಲಿ ರೆಕ್ಕೆಗೆ ಜಾಗ ಬಿಟ್ಟಿರಬೇಕು. ನೀರಿನವಳಾದರೆ ಅಂಚು ನೀರಿನಂತೆ ಒಂದೇ ಕಡೆಗೆ ಸಾಗಿರಬೇಕು. ಯಾರ ಉಡುಪು ಅಂತ ಗೊತ್ತಿಲ್ಲದೆ ಸುಮ್ನೆ ಚೆಂದದ ವಸ್ತುಗಳನ್ನೆಲ್ಲ ಒಂದೇ ಡ್ರೆಸ್‌ಗೆ ಸೇರಿಸಿದ್ದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಅಷ್ಟು ಶ್ರಮ ಅದರ ಹಿಂದೆ ಇರುತ್ತದೆ. ಮುಖ್ಯ ವಸ್ತು ಒಂದು, ಅದಕ್ಕೆ ಜೊತೆಯಾಗಿ ಇನ್ನೊಂದು. ಮೂರನೆಯದು ಬೇಕೇ ಬೇಕು ಅನಿಸಿದರೆ ಗುಂಡಿಯಷ್ಟು ಜಾಗದಲ್ಲಿ ಮಾತ್ರ.

ಉಳಿಸಿಕೊಳ್ಳುವ ಮಾತಿಗೆ ಬಂದರೆ, ಹೂವಿನ ಬಣ್ಣಕ್ಕೆ ಬೆಳಕೇ ದೊಡ್ಡ ಶತ್ರು, ಹೋದ ಬಣ್ಣ ಮತ್ತೆ ಬರುವುದಿಲ್ಲ. ಮ್ಯೂಸಿಯಂಗಳಲ್ಲಿ ಇಂಥ ನಾಜೂಕು ವಸ್ತುಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕು ಇಡುತ್ತಾರೆ. ಮನೆಯಲ್ಲಿ ಅಷ್ಟು ಆಗದಿದ್ದರೂ ಕಿಟಕಿಯಿಂದ ದೂರ ಇಡಬಹುದು. ಗರಿ, ಉಣ್ಣೆ ಇದ್ದರೆ ಹುಳ ಬರುತ್ತದೆ. ಬಳಸುವ ಮೊದಲೇ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದೆರಡು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಚೀಲ ಕೋಣೆಯ ಶಾಖಕ್ಕೆ ಬರುವವರೆಗೂ ಬಿಚ್ಚಬೇಡಿ, ಇಲ್ಲದಿದ್ದರೆ ತೇವ ಕೂರುತ್ತದೆ.

ಹೊಸದಾಗಿ ಶುರು ಮಾಡುವವರು 1:12ಕ್ಕೆ ಹೋಗಬೇಡಿ. ಸುಮಾರು 29 ಸೆಂ.ಮೀ. ಎತ್ತರದ ಫ್ಯಾಷನ್ ಗೊಂಬೆಯ ಅಳತೆ, ಅಂದರೆ 1:6, ಕೈಗೂ ಕಣ್ಣಿಗೂ ಹಿತ. ಮೊದಲ ಡ್ರೆಸ್‌ಗೆ ತೋಳು ಬೇಡ, ಕಾಲರ್ ಬೇಡ. ಟೀ ಬ್ಯಾಗ್ ಕಾಗದದ ಬಾಡೀಸ್, ಈರುಳ್ಳಿ ಸಿಪ್ಪೆಯ ಸ್ಕರ್ಟ್, ಅಷ್ಟೇ. ಬೇಕಾಗುವುದಕ್ಕಿಂತ ಎರಡು ಪಟ್ಟು ಸಿಪ್ಪೆ ನೆನೆಸಿಕೊಳ್ಳಿ, ನೆರಿಗೆ ಹಿಡಿಯುವಾಗ ಕೆಲವು ಹರಿದೇ ಹರಿಯುತ್ತವೆ.