ಕಲಾ ಚಿಕಿತ್ಸೆ: ಚಿತ್ರದ ಅರ್ಥ ಹೇಳುವ ಹಕ್ಕು ಯಾರದು?

ಕಲಾ ಚಿಕಿತ್ಸೆ ಎಂದರೆ ಚಿತ್ರ, ಬಣ್ಣ, ಮಣ್ಣಿನ ಕೆಲಸದ ಮೂಲಕ ಮನಸ್ಸಿನ ತೊಂದರೆಗೆ ನೆರವಾಗುವ ಚಿಕಿತ್ಸೆ. ಇದರಲ್ಲಿ ಮರಕ್ಕೆ ಬೇರಿಲ್ಲದಿದ್ದರೆ ಅಭದ್ರತೆ, ಕಪ್ಪು ಹೆಚ್ಚಿದ್ದರೆ ಖಿನ್ನತೆ ಎಂದು ಚಿತ್ರ ಓದುವ ಅಭ್ಯಾಸವನ್ನು ಮೊದಲು ಬಿಡಬೇಕು. ಡಬ್ಬಿಯಲ್ಲಿ ಉಳಿದಿದ್ದದ್ದೇ ಕಪ್ಪು ಕ್ರೆಯಾನ್ ಆಗಿರಬಹುದು! ಥೆರಪಿಸ್ಟ್ ಮತ್ತು ಕ್ಲೈಂಟ್ (ಚಿಕಿತ್ಸೆಗೆ ಬಂದವರು) ಸೇರಿ ಕೆಲಸ ಮಾಡುವ ಸಹಭಾಗಿ ವಿಧಾನದಲ್ಲಿ ಅರ್ಥ ಹೇಳುವ ಹಕ್ಕು ಬಿಡಿಸಿದವರದು. ಥೆರಪಿಸ್ಟ್ ಕೇಳುತ್ತಾರೆ, ಊಹೆಯಿದ್ದರೆ ಊಹೆಯೆಂದೇ ಹೇಳಿ ಮುಂದಿಡುತ್ತಾರೆ.

ಮೊದಲ ಭೇಟಿಯಲ್ಲೇ ಮಾತಾಡಿಕೊಳ್ಳಬೇಕಾದವು ಕೆಲವಿವೆ. ಚಿತ್ರಗಳನ್ನು ಎಲ್ಲಿಡುವುದು, ಯಾರು ನೋಡಬಹುದು, ಫೋಟೊ ತೆಗೆಯಬಹುದೇ, ಯಾವ ಸಂದರ್ಭದಲ್ಲಿ ಗೋಪ್ಯತೆ ಮುರಿಯಬೇಕಾಗುತ್ತದೆ. ಗುರಿಯನ್ನು ಕ್ಲೈಂಟ್ ತಮ್ಮ ಮಾತಿನಲ್ಲೇ ಹೇಳಲಿ, ಅದನ್ನು ಹಾಗೆಯೇ ಬರೆದುಕೊಳ್ಳಿ.

ಸಾಮಗ್ರಿಯ ಆಯ್ಕೆಯೂ ಚಿಕಿತ್ಸೆಯ ಭಾಗ. ಪೆನ್ಸಿಲ್, ಕೊಲಾಜ್ (ಚಿತ್ರದ ತುಣುಕುಗಳನ್ನು ಕತ್ತರಿಸಿ ಅಂಟಿಸುವುದು) ಕೈಯ ಹಿಡಿತದಲ್ಲಿರುತ್ತವೆ. ಜಲವರ್ಣ, ಒದ್ದೆ ಜೇಡಿಮಣ್ಣು ಹಿಡಿತ ಸಡಿಲಿಸಿ ಭಾವನೆಯನ್ನು ಬೇಗ ಕೆದಕುತ್ತವೆ. ಆಘಾತ ಅನುಭವಿಸಿದವರ ಮುಂದೆ ಮೊದಲ ದಿನವೇ ದೊಡ್ಡ ಹಾಳೆ, ನೀರು ನೀರಾದ ಬಣ್ಣ ಇಟ್ಟರೆ ಅವರು ತತ್ತರಿಸಬಹುದು. ಚಿಕ್ಕ ಎ5 ಹಾಳೆ, ಆಯಿಲ್ ಪೇಸ್ಟಲ್ ಸಾಕು. ಎರಡು ಮೂರು ಬಗೆ ಇಟ್ಟು ಅವರೇ ಆರಿಸಲಿ. ಕಂದು, ಕೆಮ್ಮಣ್ಣು, ಹಳದಿ ಛಾಯೆಗಳಿಲ್ಲದ ಬಣ್ಣದ ಪೆಟ್ಟಿಗೆಯಲ್ಲಿ ಎಷ್ಟೋ ಜನಕ್ಕೆ ತಮ್ಮ ಮೈಬಣ್ಣವೇ ಸಿಗುವುದಿಲ್ಲ. ಕೊಲಾಜ್‌ಗೆ ಇಟ್ಟ ಪತ್ರಿಕೆಗಳಲ್ಲಿ ಬರೀ ತೆಳ್ಳಗಿನ, ಸಿರಿವಂತ ದೇಹಗಳಿದ್ದರೂ ಅದೇ ತೊಡಕು.

ಒಂದು ಗಂಟೆಯ ಭೇಟಿಯಲ್ಲಿ ಅರ್ಧ ಗಂಟೆ ಕೆಲಸಕ್ಕೆ, ಹದಿನೈದು ನಿಮಿಷ ನೋಡುವುದಕ್ಕೆ, ಉಳಿದದ್ದು ಆರಂಭಕ್ಕೂ ಮುಕ್ತಾಯಕ್ಕೂ. ಚಿತ್ರವನ್ನು ಗೋಡೆಗೆ ಅಂಟಿಸಿ ಇಬ್ಬರೂ ಪಕ್ಕಪಕ್ಕ ನಿಂತು ನೋಡಿ. ‘ಇದು ನಿಮ್ಮ ತಾಯಿಯಾ?’ ಎಂದರೆ ಉತ್ತರ ನೀವೇ ಕೊಟ್ಟಂತೆ. ‘ಈ ಗೆರೆ ಎಳೆಯುವಾಗ ಕೈ ಬಿಗಿಯಾಗಿತ್ತೇ?’ ಎಂಬ ಪ್ರಶ್ನೆ ದಾರಿ ಬಿಡುತ್ತದೆ.

ಸಾಮಾಜಿಕ ಎಚ್ಚರ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಾಳೆಯ ನಡುವೆ ತಮ್ಮನ್ನು, ಸುತ್ತ ಮನೆ, ದುಡಿಮೆ, ಸಾಲ, ಕಾನೂನು, ನೆರೆಹೊರೆಗಳನ್ನು ಬಿಡಿಸಲು ಹೇಳಿ. ತಮ್ಮ ಮೇಲೆ ಒತ್ತಡ ಹೇರುವುದಕ್ಕೆ ಒಂದು ಬಣ್ಣ, ಆಸರೆಯಾಗುವುದಕ್ಕೆ ಇನ್ನೊಂದು. ಬಳಿಕ ಕೇಳಿ: ಇದರಲ್ಲಿ ನೀವು ಬದಲಿಸಬಲ್ಲದ್ದು ಯಾವುದು, ಬೇರೆಯವರು ಬದಲಿಸಬೇಕಾದದ್ದು ಯಾವುದು? ಎರಡು ಪಾಳಿ ದುಡಿದು ನಿದ್ದೆಗೆಟ್ಟವರ ಕೈಗೆ ಮಂಡಲ (ವೃತ್ತಾಕಾರದ ವಿನ್ಯಾಸ) ಕೊಟ್ಟು ಬಣ್ಣ ತುಂಬಿ ಎಂದರೆ ದುಡಿಸುವವರ ಹೊಣೆಯನ್ನು ಅವರ ತಲೆಗೇ ಕಟ್ಟಿದಂತೆ. ಅವರು ಒಪ್ಪಿದರೆ ಕಾನೂನು ನೆರವಿಗೋ ಬೆಂಬಲ ಗುಂಪಿಗೋ ಸಂಪರ್ಕ ಮಾಡಿಕೊಡುವುದೂ ನಿಮ್ಮ ಕೆಲಸವೇ.

ಇದರಲ್ಲೂ ಒಂದು ಅಪಾಯವಿದೆ, ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಕ್ಲೈಂಟ್ ಬಾಯಿ ಬಿಡುವ ಮೊದಲೇ ‘ಇದು ಶೋಷಣೆ’ ಎಂದು ನೀವು ತೀರ್ಪಿತ್ತರೆ, ಅದೂ ಕಪ್ಪು ಕಂಡು ಖಿನ್ನತೆ ಎಂದಂತೆಯೇ. ಅಧಿಕಾರ ಮತ್ತೆ ನಿಮ್ಮ ಕೈಗೇ ಬಂತು.

ಐದಾರು ಭೇಟಿಗೊಮ್ಮೆ ಚಿತ್ರಗಳನ್ನೆಲ್ಲ ನೆಲದ ಮೇಲೆ ದಿನಾಂಕದ ಕ್ರಮದಲ್ಲಿ ಹರಡಿ, ನಿಮ್ಮ ಟಿಪ್ಪಣಿಯನ್ನೂ ಓದಿ ಹೇಳಿ, ತಿದ್ದಲು ಬಿಡಿ. ಪ್ರದರ್ಶನಕ್ಕೆ ಇಡುವುದಾದರೆ ಮೊದಲ ದಿನ ಪಡೆದ ಒಪ್ಪಿಗೆಯ ಸಹಿ ಸಾಲದು. ಆ ಚಿತ್ರಕ್ಕೆಂದೇ ಹೊಸದಾಗಿ ಕೇಳಬೇಕು, ಬೇಡವೆಂದರೂ ಚಿಕಿತ್ಸೆಗೆ ತೊಂದರೆಯಿಲ್ಲ ಎಂದು ತಿಳಿಸಿಯೇ ಕೇಳಬೇಕು.